ಕ್ರೌಂಚಗಳಿಗೆ ಜಾಗ ಕೊಟ್ಟ ಕಣಿವೆಯಲ್ಲಿ

ಭೂತಾನಿನ ರಾಜಧಾನಿ ಥಿಂಪುವಿನ ಸಂತೆಯಲ್ಲಿ ಅಡಿಕೆ ಕಂಡರೆ ಮಲೆನಾಡಿನವರ ಕಾಲು ತಾನಾಗಿ ನಿಲ್ಲುತ್ತದೆ. ವಾಂಗ್ ಛು ನದಿಯ ದಡದಲ್ಲಿ ವಾರದ ಕೊನೆಗೆ ಕೂಡುವ ಆ ಸಂತೆಯಲ್ಲಿ ಕೆಂಪಕ್ಕಿ, ಒಣಮೆಣಸಿನಕಾಯಿ, ದಾರಕ್ಕೆ ಪೋಣಿಸಿದ ಗಟ್ಟಿ ಚೀಸಿನ ತುಂಡುಗಳ ನಡುವೆ ಹಸಿ ಅಡಿಕೆಯ ರಾಶಿ ಇತ್ತು. ಕತ್ತಿಯಿಂದ ಎರಡು ಸೀಳು ಮಾಡಿ, ಸುಣ್ಣ ಬಳಿದ ವೀಳ್ಯದೆಲೆಯಲ್ಲಿ ಮಡಿಚಿ ಕೊಡುತ್ತಾರೆ. ಅವರಿಗೆ ಅದು ದೋಮಾ. ನಾವು ಅಡಿಕೆಯನ್ನು ಬೇಯಿಸಿ, ಚೊಗರು ಹಾಕಿ, ಒಣಗಿಸಿದ ಮೇಲೆ ಬಾಯಿಗೆ ಹಾಕುವವರು. ಅಲ್ಲಿ ಹಸಿಯದೇ ಬೇಕು. ಅಗಿದ ಸ್ವಲ್ಪ ಹೊತ್ತಿಗೆ ಕಿವಿ ಕಾದು, ಆ ಚಳಿಯಲ್ಲೂ ಹಣೆಯಲ್ಲಿ ಬೆವರು ಮೂಡಿತು.

ಭೂತಾನಿನ ಹಸಿ ಅಡಿಕೆಯ ಹೆಸರು ನಮ್ಮ ಊರುಗಳಲ್ಲಿ ಚೆನ್ನಾಗಿಯೇ ಗೊತ್ತು. ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಲು 2022ರಲ್ಲಿ ಕೇಂದ್ರ ಸರ್ಕಾರ ಒಪ್ಪಿದಾಗ ಶಿವಮೊಗ್ಗದಿಂದ ಮಂಗಳೂರಿನವರೆಗೆ ಬೆಳೆಗಾರರು ಕಳವಳಗೊಂಡರು. ನಾನೂ ಅವರಲ್ಲೊಬ್ಬ. ಆ ಕಳವಳ ಈಗಲೂ ಇದೆ. ಆದರೆ ಅಡಿಕೆ ಎಲ್ಲಿಂದ ಬಂತು ಎಂದು ಸಂತೆಯಲ್ಲಿ ಕೇಳಿದಾಗ ಸಾಮ್ಚಿ, ಸರ್ಪಾಂಗ್ ಎಂಬ ದಕ್ಷಿಣದ ಜಿಲ್ಲೆಗಳ ಹೆಸರು ಕೇಳಿಬಂತು. ಆಮೇಲೆ ಮನಸ್ಸು ದರದ ಲೆಕ್ಕದಲ್ಲಿ ನಿಲ್ಲಲಿಲ್ಲ.

ಆ ತಪ್ಪಲಿನಲ್ಲಿ ತಲೆಮಾರುಗಳಿಂದ ತೋಟ ಮಾಡಿಕೊಂಡಿದ್ದವರು ನೇಪಾಳಿ ಮಾತನಾಡುವ ಲ್ಹೋತ್ಸಂಪಾ ಜನ. 1985ರ ಪೌರತ್ವ ಕಾಯ್ದೆ 1958ರ ಕೊನೆಯೊಳಗೇ ಇಲ್ಲಿ ನೆಲೆಸಿದ್ದುದಕ್ಕೆ ದಾಖಲೆ ಕೇಳಿತು. ಆ ದಶಕ ಮುಗಿಯುವುದರೊಳಗೆ ಎಲ್ಲರಿಗೂ ಒಂದೇ ಉಡುಪಿನ ನಿಯಮ ಬಂತು, ಶಾಲೆಗಳಿಂದ ನೇಪಾಳಿ ಪಾಠ ಹೊರಟಿತು. 1990ರ ಪ್ರತಿಭಟನೆಗಳ ಬೆನ್ನಿಗೆ ಬಂಧನ, ಬೆದರಿಕೆಗಳು ಶುರುವಾದವು. ಒಂದು ಲಕ್ಷಕ್ಕೂ ಹೆಚ್ಚು ಜನ ಪೂರ್ವ ನೇಪಾಳದ ಶಿಬಿರಗಳನ್ನು ಸೇರಿದರು. 2007ರ ನಂತರ ಅವರಲ್ಲಿ ಬಹುತೇಕರನ್ನು ಅಮೆರಿಕ ಮತ್ತಿತರ ದೇಶಗಳು ಕರೆಸಿಕೊಂಡವು. ಹಾಗೆ ಹೋದವರಲ್ಲಿ ಕೆಲವರನ್ನು 2025ರಲ್ಲಿ ಅಮೆರಿಕ ವಾಪಸ್ ಕಳಿಸಿತು, ಭೂತಾನ್ ಅವರನ್ನು ಉಳಿಸಿಕೊಳ್ಳದೆ ಗಡಿ ದಾಟಿಸಿತು, ಕಡೆಗೆ ಅವರು ಮತ್ತೆ ನೇಪಾಳಕ್ಕೇ ಬಂದು ಬಿದ್ದರು. ಸಂತೋಷದ ನಾಡು ಎಂದು ಪ್ರವಾಸಿ ಕರಪತ್ರಗಳು ಹೊಗಳುವಾಗ ಈ ಸಾಲುಗಳನ್ನು ಯಾರೂ ಬರೆಯುವುದಿಲ್ಲ. ಅಡಿಕೆ ಬೆಳೆಯುವವನಾಗಿ ನನಗೆ ಇದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಸಸಿ ನೆಟ್ಟು ಫಸಲಿಗೆ ಕಾಯುವುದು ಎಷ್ಟು ವರ್ಷಗಳ ಕೆಲಸ ಎಂಬುದು ಗೊತ್ತಿರುವವನಿಗೆ, ತೋಟ ಬಿಟ್ಟು ಓಡುವುದೆಂದರೇನು ಎಂಬುದೂ ಗೊತ್ತು.

ಥಿಂಪುವಿನಿಂದ ಪೂರ್ವಕ್ಕೆ ಹೊರಟರೆ ದೋಚುಲಾ ಕಣಿವೆದಾರಿ. ಅಲ್ಲಿನ 108 ಚಿಕ್ಕ ಸ್ತೂಪಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಇಳಿಜಾರಿನಲ್ಲಿ ರಸ್ತೆ ಕೆಲಸ ನಡೆದಿತ್ತು. ತಗಡಿನ ಶೆಡ್ಡುಗಳ ಮುಂದೆ ಮಕ್ಕಳು ಆಡುತ್ತಿದ್ದರು, ತಾಯಂದಿರು ಜಲ್ಲಿ ಹೊರುತ್ತಿದ್ದರು. ಜಾರ್ಖಂಡಿನಿಂದ ಬಂದವರಂತೆ. 1961ರಿಂದ ಈ ದೇಶದ ಬೆಟ್ಟಗಳಲ್ಲಿ ರಸ್ತೆ ಕಡಿಯುತ್ತ ಬಂದಿರುವುದು ಭಾರತದ ಗಡಿ ರಸ್ತೆ ಸಂಸ್ಥೆಯ ದಂತಕ್ ಯೋಜನೆ. ಕಲ್ಲು ಒಡೆದ ಕೈಗಳು ಹೆಚ್ಚಾಗಿ ಇಂಥವರವೇ. ವಾಂಗ್ದಿ ಪಟ್ಟಣ ದಾಟಿದ ಮೇಲೆ ಪುನತ್ಸಾಂಗ್‌ಛು ನದಿಯ ಪಕ್ಕದಲ್ಲಿ ಅಣೆಕಟ್ಟೆಯ ಕಾಂಕ್ರೀಟು ಕಾಣುತ್ತದೆ. 1,200 ಮೆಗಾವಾಟ್‌ನ ಯೋಜನೆ ಅದು. 2013ರಲ್ಲಿ ಬಲದಂಡೆಯ ಗುಡ್ಡವೇ ಜರುಗಿದ್ದರಿಂದ ವರ್ಷಗಟ್ಟಲೆ ಕುಂಟಿತು. ಮಳೆಗಾಲದಲ್ಲಿ ಭಾರತಕ್ಕೆ ವಿದ್ಯುತ್ ಮಾರುವ ದೇಶ, ನದಿಗಳು ಸೊರಗುವ ಚಳಿಗಾಲದಲ್ಲಿ ಭಾರತದಿಂದಲೇ ಕೊಳ್ಳುತ್ತದೆ.

ಫೋಬ್ಜಿಖಾ ಕಣಿವೆ ತಲುಪಿದಾಗ ಮಧ್ಯಾಹ್ನ. ಸುಮಾರು 3,000 ಮೀಟರ್ ಎತ್ತರದಲ್ಲಿ, ಸುತ್ತ ಪೈನ್ ಕಾಡು, ನಡುವೆ ಅಗಲವಾದ ಜೌಗು ಬಯಲು, ಒಂದು ದಿಬ್ಬದ ಮೇಲೆ ಗಾಂಗ್ಟೆ ಮಠ. ಟಿಬೆಟಿನಿಂದ ಕಪ್ಪು ಕೊರಳಿನ ಕ್ರೌಂಚಗಳು ಅಕ್ಟೋಬರ್ ಕೊನೆಗೆ ಇಲ್ಲಿಗೆ ಇಳಿಯುತ್ತವೆ, ಚಳಿ ಕಳೆಯುವವರೆಗೆ ಇರುತ್ತವೆ. ಬರುವಾಗಲೂ ಹೋಗುವಾಗಲೂ ಮಠಕ್ಕೆ ಮೂರು ಸುತ್ತು ಬರುತ್ತವೆ ಎಂದು ಊರಿನವರ ನಂಬಿಕೆ. ನವೆಂಬರ್ 11ರಂದು ಮಠದ ಅಂಗಳದಲ್ಲಿ ಮಕ್ಕಳು ಕ್ರೌಂಚಗಳ ವೇಷ ತೊಟ್ಟು ಕುಣಿಯುತ್ತಾರೆ.

ದೂರದರ್ಶಕದಲ್ಲಿ ಒಂದು ಕುಟುಂಬವನ್ನು ಬಹಳ ಹೊತ್ತು ನೋಡಿದೆ. ಎರಡು ದೊಡ್ಡವು, ಒಂದು ಮರಿ. ಬೂದುಬಿಳಿ ಮೈ, ಮಸಿಗಪ್ಪು ಕತ್ತು, ನೆತ್ತಿಯ ಮೇಲೆ ಕುಂಕುಮದಷ್ಟು ಕೆಂಪು. ಮರಿಯ ಕತ್ತಿಗೆ ಇನ್ನೂ ಕಪ್ಪು ಏರಿರಲಿಲ್ಲ, ಕಂದು ಛಾಯೆಯಲ್ಲೇ ಇತ್ತು. ತಾಯಿಯೋ ತಂದೆಯೋ ಕೊಕ್ಕನ್ನು ಜೌಗು ಮಣ್ಣಿನಲ್ಲಿ ಕಣ್ಣಿನವರೆಗೂ ಇಳಿಸಿ, ಕುಬ್ಜ ಬಿದಿರಿನ ಬೇರನ್ನು ಕಿತ್ತು, ಎರಡು ಸಲ ಒದರಿ, ಮರಿಯ ಮುಂದೆ ಹಾಕುತ್ತಿತ್ತು. ಮರಿ ತಿನ್ನುವವರೆಗೆ ತಾನು ತಲೆ ಎತ್ತಿ ಸುತ್ತ ನೋಡುತ್ತಿತ್ತು. ಇಡೀ ಮಧ್ಯಾಹ್ನ ಇದೇ ಕೆಲಸ.

ಈ ಹಕ್ಕಿಗಳಿಗೆ ತಗುಲಬಾರದೆಂದು ಕಣಿವೆಯ ವಿದ್ಯುತ್ ತಂತಿಗಳನ್ನು ನೆಲದಡಿ ಹುಗಿದಿದ್ದಾರೆ. ಒಂದೇ ಒಂದು ಕಂಬ ಅಡ್ಡ ಬರದ ಬಯಲನ್ನು ನೋಡುವುದು ಎಂಥ ಸುಖ ಎಂದು ಹೇಳಲಾರೆ. ದೇಶದ ಶೇ 60ರಷ್ಟು ನೆಲ ಎಂದೆಂದಿಗೂ ಕಾಡಾಗಿಯೇ ಇರಬೇಕೆಂದು 2008ರ ಸಂವಿಧಾನ ವಿಧಿಸಿದೆ. ಈಗ ಇರುವುದು ಶೇ 70ರ ಆಸುಪಾಸು. ಇದನ್ನು ನಾನು ಮನಸಾರೆ ಗೌರವಿಸುತ್ತೇನೆ. ಪಶ್ಚಿಮ ಘಟ್ಟದ ವರದಿಗಳ ಗತಿ ಏನಾಯಿತೆಂದು ಕಂಡ ನಮಗೆ ಇಂಥ ಒಂದು ಸಾಲಿನ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಕಾಡಿನ ಅಂಚಿನಲ್ಲಿ ಬದುಕುವವರ ಪಾಡು ಬೇರೆ. ನಾವು ಉಳಿದುಕೊಂಡ ಮನೆಯ ಪಕ್ಕದ ಮನೆಗೆ ಬೀಗ ಜಡಿದಿತ್ತು. ಸೀಳು ಹಲಗೆಯ ಮಾಡು, ಅದು ಹಾರದಂತೆ ಹೇರಿದ ಕಲ್ಲುಗಳು, ಚಿತ್ತಾರದ ಕಿಟಕಿ, ಎಲ್ಲ ಗಟ್ಟಿಯಾಗಿಯೇ ಇತ್ತು. ಬಾಗಿಲ ಮುಂದೆ ಮಾತ್ರ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಇಂಥ ಪಾಳು ಮನೆಗಳಿಗೆ ಅಲ್ಲಿ ಗುಂಗ್‌ತೋಂಗ್ ಎನ್ನುತ್ತಾರೆ; ಪೂರ್ವದ ಜಿಲ್ಲೆಗಳಲ್ಲಿ ಇನ್ನೂ ಹೆಚ್ಚಂತೆ. ಒಂದು ಮನೆ ಖಾಲಿಯಾದರೆ ಅದರ ಹೊಲ ಬೀಳು ಬೀಳುತ್ತದೆ, ಬೀಳಿಗೆ ಪೊದೆ ಬರುತ್ತದೆ, ಪೊದೆಗೆ ಹಂದಿ ಬರುತ್ತದೆ, ಹಂದಿ ಪಕ್ಕದವರ ಆಲೂಗಡ್ಡೆಗೆ ಬರುತ್ತದೆ. ರಾತ್ರಿಯಿಡೀ ಕಾವಲು ಕಾಯಲು ಮನೆಯಲ್ಲಿ ಜನ ಬೇಕು. ಇರುವವರು ಮುದುಕರು.

ಮನೆಯೊಡತಿಯನ್ನು ನಮ್ಮ ಮಾರ್ಗದರ್ಶಿ ಹುಡುಗ ಆಂಗೇ, ಅಂದರೆ ಅಜ್ಜಿ ಎಂದು ಕರೆಯುತ್ತಿದ್ದ. ನಾವೂ ಹಾಗೆಯೇ ಕರೆದೆವು. ಬುಖಾರಿ ಒಲೆಯ ಸುತ್ತ ಕುಳಿತಾಗ ಆಕೆ ಎಮಾ ದಾತ್ಸಿ ಬಡಿಸಿದರು. ಮೆಣಸಿನಕಾಯಿಯೇ ತರಕಾರಿಯಾದ ಪಲ್ಯ ಅದು. ಕಣ್ಣೀರು ಒರೆಸಿಕೊಂಡು ಎರಡನೇ ಸಲ ಹಾಕಿಸಿಕೊಂಡೆ.

ಅವರ ಮಗಳು ಶಾಲೆಯಲ್ಲಿ ಮೇಷ್ಟರಾಗಿದ್ದವಳು, ಸರ್ಕಾರಿ ಕೆಲಸ ಬಿಟ್ಟು ಗಂಡನ ಜೊತೆ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿದ್ದಾಳೆ. ಅಲ್ಲಿ ವೃದ್ಧಾಶ್ರಮದಲ್ಲಿ ಕೆಲಸ. ಕೋವಿಡ್ ಕಳೆದ ಮೇಲೆ ಈ ದಾರಿ ಹಿಡಿದವರು ಸಾವಿರಾರು: ಶಿಕ್ಷಕರು, ನರ್ಸುಗಳು, ಗುಮಾಸ್ತರು. ಸುಮಾರು 7.5 ಲಕ್ಷ ಜನರಿರುವ ದೇಶಕ್ಕೆ ಇದು ಸಣ್ಣ ಸಂಖ್ಯೆಯಲ್ಲ. ನಮ್ಮ ಮಾರ್ಗದರ್ಶಿಯೂ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದ. “ಊರು ಬೇಡವೆಂದಲ್ಲ ಸರ್, ಇಲ್ಲಿ ಸಂಬಳ ಸಾಲುವುದಿಲ್ಲ,” ಎಂದ. ಚಿಕಿತ್ಸೆ ಉಚಿತ, ಶಾಲೆ ಉಚಿತ, ದೇಶದ ಏಳಿಗೆಯನ್ನು ಬರಿಯ ಹಣದಿಂದಲ್ಲ, ಜನರ ಸಂತೋಷದಿಂದ ಅಳೆಯಬೇಕೆಂದು ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಹೇಳಿದ ರಾಷ್ಟ್ರೀಯ ಸಂತೋಷದ ಮಾತು ಬಾಯುಪಚಾರವಲ್ಲ. ಓದಿಸಿದ ಮಕ್ಕಳಿಗೆ ಕೊಡಲು ಕೆಲಸವಿಲ್ಲ, ಅಷ್ಟೇ. ಅದಕ್ಕೆಂದೇ ಈಗಿನ ದೊರೆ 2023ರ ಡಿಸೆಂಬರಿನಲ್ಲಿ ಗೆಲೆಫುವಿನಲ್ಲಿ ಹೊಸ ನಗರ ಕಟ್ಟುವುದಾಗಿ ಸಾರಿದರು. ಗೆಲೆಫು ಇರುವುದು ಸರ್ಪಾಂಗ್ ಜಿಲ್ಲೆಯಲ್ಲಿ. ಒಂದು ಕಾಲಕ್ಕೆ ಜನರನ್ನು ಹೊರಗಟ್ಟಿದ ಸೀಮೆಯಲ್ಲೇ ಜನರನ್ನು ಉಳಿಸಿಕೊಳ್ಳುವ ನಗರ ಏಳಬೇಕಾಗಿದೆ. ಹೋದವರು ಮರಳಲು ಅಲ್ಲೊಂದು ಬಾಗಿಲು ತೆರೆದರೆ ಆ ನಗರದ ಬಗ್ಗೆ ನನಗೆ ನಂಬಿಕೆ ಬಂದೀತು.

ಆಂಗೇ ಆಲೂಗಡ್ಡೆಯನ್ನೆಲ್ಲ ಭಾರತದ ಗಡಿಯಲ್ಲಿರುವ ಫುಂಟ್‌ಶೋಲಿಂಗ್‌ನ ಹರಾಜು ಕಟ್ಟೆಗೆ ಕಳಿಸಿದ್ದರು. ಕೊಳ್ಳುವವರು ಭಾರತದ ವ್ಯಾಪಾರಿಗಳೇ, ದರ ಅವರು ಕೂಗಿದ್ದು. ನಾನು ಅಡಿಕೆಯ ವಿಚಾರ ಹೇಳಿದೆ. ನಿಮ್ಮಲ್ಲಿ ಮರ ಹತ್ತುವವರು ಸಿಗುತ್ತಾರೆಯೇ ಎಂದು ಕೇಳಿದರು. ಸಿಗುವುದಿಲ್ಲ, ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ, ಈಗ ಕಾರ್ಬನ್ ಫೈಬರ್ ದೋಟಿಯಿಂದ ನೆಲದ ಮೇಲೆ ನಿಂತೇ ಅಡಿಕೆ ಗೊನೆ ಇಳಿಸುತ್ತೇವೆ ಎಂದೆ. ಮೊಬೈಲಿನಲ್ಲಿದ್ದ ವಿಡಿಯೊ ತೋರಿಸಿದೆ. ಆಂಗೇ ಗಂಡನನ್ನು ಒಳಗಿನಿಂದ ಕೂಗಿ ಕರೆದು ತೋರಿಸಿದರು, ಇಬ್ಬರೂ ಅದನ್ನು ಮತ್ತೆ ಮತ್ತೆ ನೋಡಿದರು. ದಕ್ಷಿಣದಲ್ಲಿ ಅಳಿಯನ ಚಿಕ್ಕಪ್ಪನಿಗೆ ಅಡಿಕೆ ತೋಟವಿದೆಯಂತೆ, ಅವನಿಗೂ ಆಳು ಸಿಗುತ್ತಿಲ್ಲವಂತೆ. ದೋಟಿಯ ಬೆಲೆ, ತೂಕ, ಎಷ್ಟು ಅಡಿಯವರೆಗೆ ನಿಲುಕುತ್ತದೆ, ಮುರಿದರೆ ಯಾರು ಸರಿಮಾಡುತ್ತಾರೆ, ಒಂದೊಂದನ್ನೂ ಮಾರ್ಗದರ್ಶಿಯ ಮೂಲಕ ಕೇಳಿ ತಿಳಿದುಕೊಂಡು, ವಿಡಿಯೊವನ್ನು ತಮ್ಮ ಮೊಬೈಲಿಗೆ ಕಳಿಸಿಕೊಂಡ ಮೇಲೆಯೇ ನಮ್ಮನ್ನು ಮಲಗಲು ಬಿಟ್ಟರು.