ನಂಜುಂಡನಿಗೆ ಕೊಟ್ಟ ಮುಡಿ

ಕಾಯಿಲೆ ಬಂದರೆ ನಂಜನಗೂಡಿನ ನಂಜುಂಡನಿಗೆ ಹರಕೆ ಹೊರುವುದು ನಮ್ಮ ಮೈಸೂರು ಸೀಮೆಯಲ್ಲಿ ಹಿಂದಿನಿಂದ ನಡೆದುಬಂದದ್ದು. ಹಾಲಾಹಲವನ್ನೇ ಗಂಟಲಲ್ಲಿ ತಡೆದು ನಿಲ್ಲಿಸಿದವನಿಗೆ ನಮ್ಮ ಜ್ವರ, ಹುಣ್ಣು, ಕಣ್ಣುಬೇನೆ ಯಾವ ಲೆಕ್ಕ ಎನ್ನುವ ಧೈರ್ಯ ಅದು. ಟಿಪ್ಪು ಸುಲ್ತಾನನ ಆನೆಯ ಕಣ್ಣು ಮಂಜಾಗಿ, ಇಲ್ಲಿ ಸೇವೆ ಮಾಡಿಸಿದ ಮೇಲೆ ದೃಷ್ಟಿ ಬಂತಂತೆ. ಅವನು ಪಚ್ಚೆಯ ಲಿಂಗ ಒಪ್ಪಿಸಿ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನಂತೆ. ಈ ಕಥೆ ಕೇಳದೆ ಬೆಳೆದವರು ಈ ಕಡೆ ಕಡಿಮೆ. ಹರಕೆ ಹೊತ್ತವರು ಉರುಳು ಸೇವೆ ಮಾಡುತ್ತಾರೆ, ತುಲಾಭಾರ ಮಾಡಿಸುತ್ತಾರೆ, ಕಪಿಲೆಯ ದಂಡೆಯಲ್ಲಿ ಮುಡಿ ಕೊಡುತ್ತಾರೆ. ನನ್ನ ಪಾಲಿಗೆ ಬಂದದ್ದು ಮುಡಿ. ಹರಕೆ ಹೊತ್ತವಳು ನನ್ನವ್ವ.

ಮಳೆಗಾಲದಲ್ಲಿ ಸ್ಕೂಟರ್ ಜಾರಿ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಗಿತ್ತು. ಸ್ವಲ್ಪ ಹೊತ್ತು ಎಲ್ಲಿದ್ದೇನೆಂಬುದೇ ತಿಳಿಯಲಿಲ್ಲ, ಆಮೇಲೆ ವಾಂತಿ. ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ವೈದ್ಯರು ಇದಕ್ಕೆ ಕನ್ಕಷನ್ ಅನ್ನುತ್ತಾರೆ ಎಂದು ಹೇಳಿ, ಮನೆಯವರಿಗೆಲ್ಲ ಅರ್ಥವಾಗುವಂತೆ ಬಿಡಿಸಿದರು: ಮೂಳೆ ಮುರಿದಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ, ಕರಟದೊಳಗಿನ ಗಿಟುಕಿನ ಹಾಗೆ ಬುರುಡೆಯೊಳಗೆ ಮಿದುಳು ಅಲುಗಾಡಿದೆ, ಅದರ ಕೆಲಸ ಏರುಪೇರಾಗಿದೆ, ಅದು ಸ್ಕ್ಯಾನ್‌ಗೆ ಸಿಗುವುದಿಲ್ಲ. ಮೊದಲ ಒಂದೆರಡು ದಿನ ಚೆನ್ನಾಗಿ ವಿಶ್ರಾಂತಿ, ಆಮೇಲೆ ಸ್ವಲ್ಪ ಸ್ವಲ್ಪವೇ ಓಡಾಟ, ತಲೆನೋವು ಹೆಚ್ಚಿದರೆ ಅಲ್ಲಿಗೇ ನಿಲ್ಲಿಸುವುದು, ಪೂರ್ತಿ ವಾಸಿಯಾಗುವ ತನಕ ಮತ್ತೊಂದು ಪೆಟ್ಟು ಬೀಳದಂತೆ ನೋಡಿಕೊಳ್ಳುವುದು. ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ಸರಿಹೋಗುತ್ತದಂತೆ. ನನಗೆ ತಿಂಗಳುಗಳು ಹಿಡಿದವು.

ಗಾಯ ಮಾಯ್ದ ಮೇಲೆ ಹೊರಗೆ ಕಾಣುವಂಥದ್ದು ಏನೂ ಉಳಿಯಲಿಲ್ಲ. ನೋಡಲು ಬಂದವರು ‘ಚೆನ್ನಾಗೇ ಇದ್ದೀಯಲ್ಲ’ ಎಂದು ಹೋಗುತ್ತಿದ್ದರು. ಒಳಗೆ ಮಾತ್ರ ಬೆಳಕು ಚುಚ್ಚುತ್ತಿತ್ತು, ಕುಕ್ಕರ್ ಕೂಗಿದರೆ ಕಣ್ಣು ಕತ್ತಲಿಡುತ್ತಿತ್ತು. ಪರದೆಯ ಮೇಲಿನ ಅಕ್ಷರ ನಿಲ್ಲುತ್ತಿರಲಿಲ್ಲ.

ಅಕ್ಷರವೇ ನನ್ನ ಅನ್ನ. ನಾನು ಡಿ.ಟಿ.ಪಿ. ಕೆಲಸದವನು. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಜಾತ್ರೆಯ ಕರಪತ್ರ, ಯಾರೋ ಮೇಷ್ಟರ ಕವನಸಂಕಲನ, ಎಲ್ಲ ‘ನುಡಿ’ಯಲ್ಲೋ ‘ಬರಹ’ದಲ್ಲೋ ಟೈಪ್ ಮಾಡಿ, ಪುಟ ಕಟ್ಟಿ ಪ್ರೆಸ್ಸಿಗೆ ಕಳಿಸುವುದು. ನಾನು ಮಲಗಿದ್ದಾಗ ಆ ಕೆಲಸ ನಿಲ್ಲಲಿಲ್ಲ. ಕೈಬರಹದ ಹಾಳೆಯ ಫೋಟೊ ತೆಗೆದರೆ ಫೋನೇ ಅಕ್ಷರ ಮಾಡಿಕೊಡುತ್ತದೆ, ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುತ್ತದೆ. ಒತ್ತಕ್ಷರದಲ್ಲಿ ತಪ್ಪುತ್ತದೆ, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗುತ್ತದೆ. ಅದೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಪ್ರೆಸ್ಸಿನವರು ಪ್ರೀತಿಯಿಂದಲೇ ಫೋನ್ ಮಾಡಿ, ‘ನಿಧಾನಕ್ಕೆ ಬನ್ನಿ, ಅರ್ಜೆಂಟಿಲ್ಲ, ಹೇಗೋ ನಡೀತಾ ಇದೆ’ ಎಂದರು. ಆ ‘ಹೇಗೋ ನಡೀತಾ ಇದೆ’ ಅನ್ನುವ ಮಾತಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರನ್ನು ನಾನು ನೋಡಿದ್ದೇನೆ. ನಾವು ಕಂಪ್ಯೂಟರ್ ಮುಂದೆ ಕೂತ ಮೇಲೆ ಅವರಲ್ಲಿ ಕೆಲವರು ಬೈಂಡಿಂಗಿಗೆ ಹೋದರು, ಕೆಲವರು ಮನೆಗೇ ಹೋದರು. ಈಗ ಸರದಿ ನಮ್ಮದು.

ಅವ್ವನಿಗೆ ಇದನ್ನೆಲ್ಲ ಹೇಳಿರಲಿಲ್ಲ. ಆದರೂ ಅವಳಿಗೆ ತಿಳಿದಿತ್ತು ಎನಿಸುತ್ತದೆ. ಒಂದು ಸೋಮವಾರ ದೇವರ ಮುಂದೆ ದೀಪ ಹಚ್ಚಿ, ‘ನಂಜುಂಡಪ್ಪಾ, ನನ್ ಮಗನ ತಲೆ ನೆಟ್ಟಗಾಗ್ಲಿ, ನಿನ್ ಸನ್ನಿಧಿಗೆ ಕರ್ಕೊಂಡ್ ಬಂದು ಮುಡಿ ಕೊಡಿಸ್ತೀನಿ’ ಎಂದು ಒಂದು ರೂಪಾಯಿ ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟಳು. ನನ್ನ ಕಡೆ ತಿರುಗಿ, ‘ಭಾರ ಅವನ್ ಮೇಲೆ ಹಾಕಿದ್ದೀನಿ ಮಗಾ, ನೀನು ಮಲಕ್ಕೊ’ ಎಂದಳು.

ಸ್ವಲ್ಪ ಓಡಾಡುವಂತಾದ ಮೇಲೆ ಸಂಜೆ ನಮ್ಮ ಬೀದಿಯ ಈಶ್ವರನ ಗುಡಿಗೆ ಹೋದೆ. ಮಂಗಳಾರತಿಯ ಹೊತ್ತಿಗೆ ಅರ್ಚಕರು ಗೋಡೆಯ ಸ್ವಿಚ್ ಒತ್ತಿದರು. ನಗಾರಿ, ಜಾಗಟೆ, ಗಂಟೆ ಮೂರನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ಸೇರಿಸಿ ಮೋಟಾರ್ ಕೂರಿಸಿದ ಯಂತ್ರ. ಈಗ ಊರೂರ ಗುಡಿಗಳಲ್ಲಿ ಇದೆ. ಒಂದೇ ಬಿರುಸು, ಒಂದೇ ಅಳತೆ. ಆರತಿ ತಟ್ಟೆ ಮೇಲೆ ಹೋದರೂ ಅದೇ, ಕೆಳಗೆ ಬಂದರೂ ಅದೇ. ನನ್ನ ತಲೆ ಸಿಡಿದುಹೋಗುವಂತಾಗಿ ಕಿವಿ ಮುಚ್ಚಿಕೊಂಡು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಪೆಟ್ಟು ತಿಂದ ತಲೆಗೆ ಸದ್ದು ಆಗಿಬರುವುದಿಲ್ಲ, ಅದು ಸರಿ. ಆದರೆ ಅಲ್ಲಿ ಕೂತಾಗ ನೆನಪಾದದ್ದು, ಮೊದಲು ಈ ಗುಡಿಯಲ್ಲಿ ಓಲಗ ಊದುತ್ತಿದ್ದವರು, ಡೋಲು ಹಿಡಿದು ನಿಲ್ಲುತ್ತಿದ್ದವರು. ಅರ್ಚಕರ ಕೈ ನೋಡಿಕೊಂಡು ಬಾರಿಸುತ್ತಿದ್ದರು ಅವರು. ಆರತಿ ದೇವರ ಪಾದದ ಬಳಿ ಇದ್ದಾಗ ಮೆಲ್ಲಗೆ, ಮುಖಕ್ಕೆ ಏರುವಾಗ ಜೋರಾಗಿ. ಯಂತ್ರ ಬಂದ ಮೇಲೆ ಅವರು ಎಲ್ಲಿ ಹೋದರೆಂದು ನಾವ್ಯಾರೂ ಕೇಳಿಲ್ಲ.

ಅಂಗಡಿಗೆ, ಕಾರ್ಖಾನೆಗೆ ಅವಸರ ಇರುತ್ತದೆ. ಯಂತ್ರ ತರುತ್ತಾರೆ, ಅದರ ನ್ಯಾಯ ಅನ್ಯಾಯ ಬೇರೆ ಮಾತು. ದೇವರಿಗೆ ಏನು ಅವಸರ? ಅವನ ಮನೆಯಲ್ಲೂ ಮನುಷ್ಯನ ಕೈ ಬೇಡವಾದರೆ ಇನ್ನೆಲ್ಲಿ ಬೇಕಾಗುತ್ತದೆ?

ಹರಕೆ ತೀರಿಸಲು ಹೋದದ್ದು ಕಾರ್ತಿಕದಲ್ಲಿ. ರಾಜಗೋಪುರದ ಏಳು ಅಂತಸ್ತನ್ನು ಕತ್ತೆತ್ತಿ ನೋಡಲು ಇನ್ನೂ ಹೆದರಿಕೆ, ತಲೆ ತಿರುಗುತ್ತಿತ್ತು. ಅವ್ವ ಮೊದಲು ಹೊಳೆ ದಂಡೆಗೆ ಕರೆದುಕೊಂಡು ಹೋದಳು. ಮುಡಿ ತೆಗೆಯುವವರು ವಯಸ್ಸಾದವರು. ತಲೆಗೆ ನೀರು ತಟ್ಟಿ, ಕತ್ತಿಗೆ ಹೊಸ ಬ್ಲೇಡು ಹಾಕಿ, ಕತ್ತಿ ಇಡುವ ಮುಂಚೆ ಹೆಬ್ಬೆರಳಿನಿಂದ ಬುರುಡೆಯನ್ನೆಲ್ಲ ಒಮ್ಮೆ ಸವರಿದರು. ಹಿಂಭಾಗಕ್ಕೆ ಬಂದಾಗ ಬೆರಳು ನಿಂತಿತು.

‘ಎಲ್ಲಿ ಬಿದ್ರಿ ಸಾಮಿ?’

ಕೂದಲೊಳಗೆ ಮುಚ್ಚಿಹೋಗಿದ್ದ ಕಲೆ ಅದು. ಬಿದ್ದದ್ದನ್ನು ಹೇಳಿದೆ. ಅವರು ಹೂಂ ಎಂದು, ನನ್ನ ಹಣೆಯನ್ನು ಎಡಗೈಯಲ್ಲಿ ಆನಿಸಿ ಹಿಡಿದು, ಬಗ್ಗಿಸದೆ, ತಾವೇ ಸುತ್ತ ಸರಿದಾಡಿ ಬೋಳಿಸಿದರು. ಕಲೆಯ ಹತ್ತಿರ ಕತ್ತಿ ಎಷ್ಟು ಹಗುರಾಯಿತೆಂದರೆ ಮುಟ್ಟಿದ್ದೇ ತಿಳಿಯಲಿಲ್ಲ. ಪೆಟ್ಟು ಬಿದ್ದಾಗಿನಿಂದ ನನ್ನ ನೋವು ಎಲ್ಲಿದೆ ಎಂದು ನಾನು ಹೇಳದೆ ಕಂಡುಹಿಡಿದವರು ಇವರೊಬ್ಬರೇ. ಕಣ್ಣಲ್ಲಿ ನೀರು ಬಂತು.

ಹೊಳೆಯಲ್ಲಿ ಮುಳುಗು ಹಾಕಲು ಅವ್ವ ಬಿಡಲಿಲ್ಲ, ಚೊಂಬಿನಲ್ಲಿ ತಲೆಗೆ ಹುಯ್ದಳು. ಬೋಳುತಲೆಗೆ ಗಂಧ ಹಚ್ಚಿಕೊಂಡು ಒಳಗೆ ಹೋದೆವು. ಪ್ರಾಕಾರದಲ್ಲಿ ಶಿವಭಕ್ತರಾದ ಅರವತ್ತಮೂರು ಪುರಾತನರ ಶಿಲಾಮೂರ್ತಿಗಳನ್ನು ದಾಟುವಾಗ ಅವ್ವ ಒಬ್ಬೊಬ್ಬರಿಗೂ ಕೈ ಮುಗಿದಳು. ಬೇಡ ಕಣ್ಣಪ್ಪ, ಕುಂಬಾರ ನೀಲಕಂಠ, ಬೆಸ್ತ ಅದಿಪತ್ತ, ಮಡಿವಾಳ ತಿರುಕುರಿಪ್ಪು, ಹೀಗೆ ಕೈಕೆಲಸದವರೂ ಆ ಸಾಲಿನಲ್ಲಿದ್ದಾರೆ. ಅವರ ಕಸುಬನ್ನು ದೇವರು ಬಿಡಿಸಲಿಲ್ಲ. ಅದರ ಮೂಲಕವೇ ಬಂದ. ಬಟ್ಟೆ ಒಗೆಯುವವನ ಭಕ್ತಿಯನ್ನು ಬಟ್ಟೆಯಲ್ಲೇ ಪರೀಕ್ಷೆ ಮಾಡಿದ. ಈ ಕಥೆಗಳನ್ನು ಚಿಕ್ಕಂದಿನಿಂದ ಕೇಳಿದ್ದರೂ ಅಂದು ಬೇರೆ ರೀತಿ ತಾಗಿತು. ಕಸುಬು ಹೋದರೆ ಕೂಲಿ ಮಾತ್ರ ಹೋಗುವುದಿಲ್ಲ. ಒಬ್ಬ ಮನುಷ್ಯ ದೇವರಿಗೆ ಕೊಡಲು ಇಟ್ಟುಕೊಂಡಿದ್ದ ಕಾಣಿಕೆಯೂ ಹೋಗುತ್ತದೆ.

ಇದೇ ಊರಿನಲ್ಲಿ ದೊಡ್ಡ ಜಾತ್ರೆಗೆ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಎಂದು ಐದು ತೇರು ಎಳೆಯುತ್ತಾರೆ. ಶ್ರೀಕಂಠೇಶ್ವರ ಅಂದರೆ ನಮ್ಮ ನಂಜುಂಡನೇ, ಅವನ ಗೌತಮ ರಥದ ಹಗ್ಗಕ್ಕೆ ಸಾವಿರಾರು ಕೈ. ಯಂತ್ರ ಕಟ್ಟಿ ಎಳೆದರೆ ಬೇಗ ನೆಲೆ ಸೇರೀತು, ಆದರೆ ಬೇಗ ಸೇರಲಿ ಎಂದು ಬೇಡಿಕೊಂಡು ಯಾರೂ ಬರುವುದಿಲ್ಲ. ಹಗ್ಗ ಮುಟ್ಟಲು ಬರುತ್ತಾರೆ. ತೇರು ಎಳೆಯುವುದರಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಮಂಗಳಾರತಿಯಲ್ಲಿ ನಮಗೆ ಏಕೆ ಕಾಣದೆ ಹೋಯಿತೋ.

ಗರ್ಭಗುಡಿಯ ಮುಂದೆ ನಿಂತಾಗ ನನ್ನ ಕೆಲಸ ಉಳಿಸು ಎಂದು ಬೇಡಿದೆ. ಬೇಡದೆ ಇರುವಷ್ಟು ವೈರಾಗ್ಯ ನನಗಿಲ್ಲ, ಮಗಳ ಓದು ಇನ್ನೂ ಇದೆ. ಜೊತೆಗೆ ಓಲಗದವರ ಹೆಸರಲ್ಲೂ, ಮೊಳೆ ಜೋಡಿಸಿದವರ ಹೆಸರಲ್ಲೂ ಒಂದು ಅರ್ಚನೆ ಮಾಡಿಸಿದೆ. ಈಗ ದಿನಕ್ಕೆ ಅರ್ಧ ಹೊತ್ತು ಕೂತು ಕೆಲಸ ಮಾಡುತ್ತೇನೆ, ಫೋನು ಮಾಡಿಕೊಟ್ಟ ಪುಟಗಳನ್ನು ತಿದ್ದುವುದೇ ಹೆಚ್ಚು. ಕೂಲಿ ಮೊದಲಿನಷ್ಟಿಲ್ಲ. ಮುಂದೆ ಏನೋ ಗೊತ್ತಿಲ್ಲ.

ನಮ್ಮ ಬೀದಿಯ ಗುಡಿ ಸಮಿತಿಯವರನ್ನು ಕೇಳಿದ್ದೇನೆ: ಸೋಮವಾರ ಮತ್ತು ಪ್ರದೋಷದ ದಿನಗಳಲ್ಲಾದರೂ ಯಂತ್ರ ನಿಲ್ಲಿಸಿ ಓಲಗದವರನ್ನು ಕರೆಸೋಣ, ಸಂಭಾವನೆ ಕೈಗೆ ಕೊಟ್ಟು, ಪ್ರಸಾದದ ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸೋಣ. ಹಣ ಹೊಂದಿಸಿಕೊಟ್ಟರೆ ಆಗಲಿ ಎಂದಿದ್ದಾರೆ. ಚಂದಾ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತಿದ್ದೇನೆ, ತಲೆ ನೋಯದಷ್ಟು ದೂರ.