ಮಷೀನ್ ಗಟ್ಟಿ ಇದ್ದಾಗಲೇ ಇಮೇಜ್ ತೆಗೀಬೇಕು

ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನಂಥವರಿಗೆ ಮನೆ ಕಂಪ್ಯೂಟರ್ ಅಂತ ಬೇರೆ ಜಾತಿಯೇ ಇಲ್ಲ. ಗಂಜಿನ (ಕೃಷಿ ಮಾರುಕಟ್ಟೆಯ) ಅಡತ್ ಅಂಗಡಿಯ ಲೆಕ್ಕ ರಾತ್ರಿ ಸಾವುಕಾರರ ಮನೆಯ ಟ್ಯಾಲಿಯಲ್ಲೇ ಕೂಡುತ್ತದೆ. ಅದೇ ಮಷೀನಿನಲ್ಲಿ ಮಗ ನೀಟ್ ಪಾಠ ನೋಡುತ್ತಾನೆ. ಇನ್ನೊಂದು ಮನೆಯಲ್ಲಿ ಅದರ ಮೇಲೆ ಲಗ್ನಪತ್ರಿಕೆ ತಯಾರಾಗುತ್ತದೆ. ‘ಬ್ಯಾಕಪ್ ಅದ ಏನ್ರಿ?’ ಎಂದು ಕೇಳಿದರೆ ಎಲ್ಲರೂ ಅದ ಅನ್ನುತ್ತಾರೆ, ಡ್ರಾಯರ್ ಎಳೆದು ಪೆನ್ ಡ್ರೈವ್ ತೋರಿಸುತ್ತಾರೆ. ಸುಳ್ಳೇನಲ್ಲ, ಫೈಲುಗಳು ಅದರಲ್ಲಿ ಇರುತ್ತವೆ. ಇಡೀ ಮಷೀನಿನ ನಕಲು, ಅಂದರೆ ಸಿಸ್ಟಂ ಇಮೇಜ್, ಮಾತ್ರ ಇರುವುದಿಲ್ಲ.

ಫೈಲು ಇದ್ದರೆ ಸಾಕಾಗುವುದಿಲ್ಲ ಅನ್ನೋದು ನನಗೆ ಚೆನ್ನಾಗಿ ತಿಳಿದದ್ದು ಮನೆಯಲ್ಲೇ ಡಿಟಿಪಿ ಮಾಡುವ ಒಬ್ಬ ಅಕ್ಕಾರ ಕೆಲಸದಲ್ಲಿ. ಲಗ್ನದ ಸೀಸನ್ ನಡುವೆ ಅವರ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಹೊಸ ಎಸ್‌ಎಸ್‌ಡಿ ಕೂಡಿಸಿ ವಿಂಡೋಸ್ ಹಾಕಲಿಕ್ಕೆ ತಾಸು ಹಿಡಿಯಲಿಲ್ಲ. ಆಮೇಲೆ ಅಕ್ಕಾರು ಪೆನ್ ಡ್ರೈವ್ ಚುಚ್ಚಿ ಒಂದು ಪತ್ರಿಕೆ ತೆರೆದರು. ‘ನೋಡ್ರಿ ಅಣ್ಣಾ, ಫೈಲ್ ಎಲ್ಲಾ ಅದಾವ. ಶ್ರೀ ಗಣೇಶ ಪ್ರಸನ್ನ ಅಂತ ಇರಬೇಕಾದಲ್ಲಿ ಏನೇನೋ ಇಂಗ್ಲಿಷ್ ಗೀಚಿದಂಗ ಕಾಣಸ್ಲಿಕತ್ತದ.’ ಹಳೆಯ ನುಡಿ ಫಾಂಟುಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೇ ಕನ್ನಡದ ಆಕಾರ ಕೂಡಿಸಿದವು. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಪುಟ ಜೋಡಿಸಲು ಅವರು ಬಳಸುತ್ತಿದ್ದ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಸಿಡಿ ಎಲ್ಲಿ ಹೋಯಿತೋ. ಪ್ರಿಂಟರಿನ ಹಳೆಯ ಡ್ರೈವರ್, ಬಣ್ಣದ ಸೆಟ್ಟಿಂಗು, ಬೆರಳಿಗೆ ರೂಢಿಯಾದ ಕೀಬೋರ್ಡ್ ಜೋಡಣೆ, ವರ್ಷಾನುಗಟ್ಟಲೆ ಕೂಡಿಸಿದ ಬಾರ್ಡರುಗಳು, ಒಂದೊಂದನ್ನೂ ಹುಡುಕಿ ತರಬೇಕಾಯಿತು. ವಿಂಡೋಸ್ ಎಲ್ಲಿ ಬೇಕಾದರೂ ಸಿಗುತ್ತದೆ. ಹತ್ತು ವರ್ಷ ತಿದ್ದಿ ತೀಡಿ ಕೈಗೆ ಹೊಂದಿಸಿಕೊಂಡ ಮಷೀನು ಮಾತ್ರ ಡೌನ್‌ಲೋಡಿಗೆ ಸಿಗುವುದಿಲ್ಲ.

ಸಿಸ್ಟಂ ಇಮೇಜ್ ಅಂದರೆ ಆ ಹೊಂದಿಸಿದ ಮಷೀನಿನ ಪೂರ್ತಿ ಪಡಿಯಚ್ಚು. ಸಿ ಡ್ರೈವ್ ಅಷ್ಟೇ ಅಲ್ಲ, ಅದರ ಹಿಂದೆ ಕಣ್ಣಿಗೆ ಬೀಳದ ಸಣ್ಣ ಸಣ್ಣ ವಿಭಾಗಗಳು, ಅಂದರೆ ಪಾರ್ಟಿಶನ್‌ಗಳೂ ಬರಬೇಕು. ಮಷೀನ್ ಬೂಟ್ ಆಗುವ, ಅಂದರೆ ಶುರುವಾಗುವ, ಇಎಫ್‌ಐ ಪಾರ್ಟಿಶನ್ ಬಿಟ್ಟು ತೆಗೆದ ಇಮೇಜಿನಿಂದ ಫೈಲುಗಳೇನೋ ಸಿಗುತ್ತವೆ, ಮಷೀನ್ ತಾನಾಗಿ ಎದ್ದು ನಿಲ್ಲುವುದಿಲ್ಲ. ವಿಂಡೋಸ್ ಒಳಗೇ ಇದಕ್ಕೊಂದು ಸವಲತ್ತು ಇದೆ. ಕಂಟ್ರೋಲ್ ಪ್ಯಾನೆಲ್‌ಗೆ ಹೋದರೆ ವಿಂಡೋಸ್ 11ರಲ್ಲೂ ಅದರ ಹೆಸರಿಗೆ ‘ವಿಂಡೋಸ್ 7’ ಅಂತಲೇ ಅಂಟಿಕೊಂಡಿದೆ. ಮೈಕ್ರೋಸಾಫ್ಟ್ 2017ರಲ್ಲೇ ಅದನ್ನು ಕೈಬಿಡುವ ಪಟ್ಟಿಗೆ ಸೇರಿಸಿತು, ಆದರೂ ತೆಗೆದುಹಾಕಿಲ್ಲ. ಇದೇ ಕೆಲಸದ ತಂತ್ರಾಂಶವಾದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಪುಕ್ಕಟೆ ಆವೃತ್ತಿ ನಿಂತಮೇಲೆ ನಾನು ಹೆಚ್ಚಾಗಿ ಪೆನ್ ಡ್ರೈವಿನಿಂದ ಬೂಟ್ ಮಾಡುವ ಕ್ಲೋನ್‌ಜಿಲ್ಲಾ, ರೆಸ್ಕ್ಯೂಜಿಲ್ಲಾ ಬಳಸುತ್ತೇನೆ. ಗಿರಾಕಿ ತಾವೇ ತೆಗೆದುಕೊಳ್ಳುತ್ತೇನೆ ಅಂದರೆ ವಿಂಡೋಸಿನದ್ದನ್ನೇ ತೋರಿಸಿಕೊಡುತ್ತೇನೆ. ಅದರಲ್ಲಿ ಹೇಳಿಬರಬೇಕಾದದ್ದು ಒಂದೇ: ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಹುಟ್ಟುವ ‘ವಿಂಡೋಸ್ ಇಮೇಜ್ ಬ್ಯಾಕಪ್’ ಫೋಲ್ಡರಿನ ಹೆಸರು ಬದಲಿಸಬಾರದು, ಇನ್ನೊಂದು ಫೋಲ್ಡರಿನೊಳಗೆ ಸರಿಸಲೂಬಾರದು. ಚೊಕ್ಕ ಇರಲಿ ಅಂತ ‘ಅಪ್ಪಾಜಿ ಕಂಪ್ಯೂಟರ್’ ಫೋಲ್ಡರಿಗೆ ತಳ್ಳಿಬಿಟ್ಟರೆ ರಿಕವರಿ ಹೊತ್ತಿನಲ್ಲಿ ವಿಂಡೋಸ್ ‘ಇಮೇಜೇ ಇಲ್ಲ’ ಅನ್ನುತ್ತದೆ.

ಯಾವ ತಂತ್ರಾಂಶ ಅನ್ನೋದಕ್ಕಿಂತ ಯಾವ ದಿನ ತೆಗೆಯಬೇಕು ಅನ್ನೋದೇ ನನ್ನ ಲೆಕ್ಕದಲ್ಲಿ ದೊಡ್ಡದು. ಹೆಚ್ಚಿನವರಿಗೆ ಬ್ಯಾಕಪ್ ನೆನಪಾಗುವುದು ಮಷೀನ್ ಕುಂಟಲಿಕ್ಕೆ ಹತ್ತಿದ ಮೇಲೆ. ಇಮೇಜಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ವೈರಸ್ ಇದ್ದರೆ ಅದೂ ಬರುತ್ತದೆ, ಅರ್ಧಕ್ಕೆ ನಿಂತ ಅಪ್‌ಡೇಟ್ ಇದ್ದರೆ ಅದೂ ಬರುತ್ತದೆ. ಇಮೇಜನ್ನು ಡಿಸ್ಕಿಗೆ ಮರಳಿ ಇಳಿಸಿದ (ರಿಸ್ಟೋರ್ ಮಾಡಿದ) ದಿನ ಅದೇ ರೋಗ ಮತ್ತೆ ಎದ್ದು ಕೂಡುತ್ತದೆ. ಅದಕ್ಕೇ ಹೊಸದಾಗಿ ಸೆಟ್ಟಿಂಗ್ ಮಾಡಿದ ಮಷೀನನ್ನು ಗಿರಾಕಿ ಕೈಗೆ ಕೊಡುವ ಮೊದಲೇ ಕೆಲಸ ಮುಗಿಸುತ್ತೇನೆ. ಅಪ್‌ಡೇಟ್ ಪೂರ್ತಿ ಆಗಿರಬೇಕು, ಟ್ಯಾಲಿ ತೆರೆದು ಒಂದು ವೋಚರ್ ನೋಡಿರಬೇಕು, ನುಡಿಯಲ್ಲಿ ಒಂದು ಸಾಲು ಟೈಪ್ ಮಾಡಿ ಒತ್ತಕ್ಷರ ನೆಟ್ಟಗೆ ಪ್ರಿಂಟ್ ಆಗಿರಬೇಕು. ಆಗ ಇಮೇಜ್.

ಕೆಟ್ಟ ಮಷೀನ್ ಬಂದರೂ ಫಾರ್ಮ್ಯಾಟ್ ಮಾಡುವ ಮುನ್ನ ಒಂದು ಇಮೇಜ್ ತೆಗೆಯುತ್ತೇನೆ. ಅದನ್ನು ರಿಸ್ಟೋರ್ ಮಾಡಲಿಕ್ಕಲ್ಲ. ವಾರ ಕಳೆದ ಮೇಲೆ ಗಿರಾಕಿ ಫೋನ್ ಮಾಡಿ ‘ಡೆಸ್ಕ್‌ಟಾಪ್ ಮ್ಯಾಲ ಒಂದು ಎಕ್ಸೆಲ್ ಇತ್ತಲ್ರಿ’ ಅಂದಾಗ ಹುಡುಕಲಿಕ್ಕೆ. ವಿಂಡೋಸಿನ ಇಮೇಜ್ ಒಳಗೆ ಇರುವುದು ವಿಎಚ್‌ಡಿಎಕ್ಸ್ ಫೈಲು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದನ್ನು ಅಟ್ಯಾಚ್ ಮಾಡಿದರೆ ಇನ್ನೊಂದು ಡ್ರೈವಿನ ಹಾಗೆ ತೆರೆದುಕೊಳ್ಳುತ್ತದೆ, ಬೇಕಾದ ಒಂದು ಫೈಲನ್ನಷ್ಟೇ ಎತ್ತಿಕೊಳ್ಳಬಹುದು. ಡಿಸ್ಕೇ ಸಾಯುತ್ತಿದ್ದರೆ ಮಾತು ಬೇರೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಪೆಂಡಿಂಗ್ ಸೆಕ್ಟರ್ (ಓದಲು ತೊಡಕಾದ ಜಾಗ) ಕಂಡರೆ ಮಾಮೂಲಿ ಇಮೇಜಿಂಗ್ ಶುರು ಮಾಡುವುದಿಲ್ಲ. ಓದಲಾಗದ ಜಾಗಕ್ಕೆ ಬಂದು ಅದು ನಿಂತುಬಿಡುತ್ತದೆ. ಅಂಥಲ್ಲಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸುತ್ತೇನೆ. ಅದು ಮೊದಲು ಸಲೀಸಾಗಿ ಓದಲು ಬರುವ ಭಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗವನ್ನು ಕಡೆಗೆ ಕೆದಕುತ್ತದೆ.

ಇನ್ನು ವೇಳೆಯ ಮಾತು. ಹಳೆಯ ಟವರುಗಳ ಮುಂದಿನ ಪೋರ್ಟ್ ಎಷ್ಟೋ ಸಲ ಯುಎಸ್‌ಬಿ 2 ಇರುತ್ತದೆ. ಅದು ಸೆಕೆಂಡಿಗೆ 30-35 ಎಂಬಿ ಎಳೆದರೆ ಹೆಚ್ಚು, 120 ಜಿಬಿ ಹೋಗಲಿಕ್ಕೆ ಒಂದು ತಾಸಿನ ಆಸುಪಾಸು ಹಿಡಿಯುತ್ತದೆ. ಹಿಂದೆ ನೀಲಿ ಪೋರ್ಟ್ (ಯುಎಸ್‌ಬಿ 3) ಇದ್ದರೆ ಅದೇ ಡಿಸ್ಕು ಅದೇ ಕೆಲಸವನ್ನು ಇಪ್ಪತ್ತು ನಿಮಿಷದ ಆಸುಪಾಸು ಮುಗಿಸುತ್ತದೆ. ಶಕ್ತಿನಗರದ 1,720 ಮೆಗಾವ್ಯಾಟ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ ಅಂತ ಧೈರ್ಯ ಮಾಡಬೇಡಿ, ಯುಪಿಎಸ್ ಇಲ್ಲದೆ ರಿಸ್ಟೋರ್‌ಗೆ ಕೈ ಹಾಕಬೇಡಿ. ಇಮೇಜ್ ತೆಗೆಯುವಾಗ ಕರೆಂಟ್ ಹೋದರೆ ಮತ್ತೊಮ್ಮೆ ತೆಗೆದರಾಯಿತು, ರಿಸ್ಟೋರ್ ನಡುವೆ ಹೋದರೆ ಡಿಸ್ಕಿನಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. (‘ಸುಮ್ನ ಕುಂತು ಪರದೆ ನೋಡಿದ್ದಕ್ಕ ಇಷ್ಟು ರೊಕ್ಕ ಏನ್ರಿ?’ ಅಂತ ಕೇಳುವವರು ಇದ್ದಾರೆ. ಅವರಿಗೆ ಚಹಾ ಹೇಳಿ ಪಕ್ಕದಲ್ಲೇ ಕೂಡಿಸಿಕೊಳ್ಳುತ್ತೇನೆ.)

ರಿಸ್ಟೋರ್ ಮಾಡಿ ನೋಡದ ಇಮೇಜನ್ನು ನಾನು ಕೆಲಸ ಮುಗಿದಂತೆ ಎಣಿಸುವುದಿಲ್ಲ. ಗಿರಾಕಿಯ ಡಿಸ್ಕಿನ ಮೇಲೆ ಆ ಪ್ರಯೋಗ ಮಾಡಲಾಗದು. ಅದರ ಕೇಬಲ್ ಕಳಚಿ, ನನ್ನ ಹತ್ತಿರದ ಒಂದು ಎಸ್‌ಎಸ್‌ಡಿ ತಗುಲಿಸಿ, ರೆಸ್ಕ್ಯೂ ಪೆನ್ ಡ್ರೈವಿನಿಂದ ಎಬ್ಬಿಸಿ, ಅದರ ಮೇಲೆ ಇಳಿಸುತ್ತೇನೆ. ಎರಡನ್ನೂ ಒಟ್ಟಿಗೆ ಜೋಡಿಸಿ ಸ್ಟಾರ್ಟ್ ಮಾಡಬಾರದು, ಎರಡು ಡಿಸ್ಕಿಗೂ ಒಂದೇ ಗುರುತು ಬಂದು ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಈ ಹಂತದಲ್ಲೇ ಒಂದು ತೊಡಕು ಬಯಲಾಗುವುದು. ವಿಂಡೋಸಿನ ಸವಲತ್ತು ಮೂಲ ಡಿಸ್ಕಿನಷ್ಟು ಅಥವಾ ಅದಕ್ಕಿಂತ ದೊಡ್ಡ ಡಿಸ್ಕನ್ನೇ ಕೇಳುತ್ತದೆ. 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ತುಂಬಿದ್ದು ಬರೀ 60 ಜಿಬಿ ಇದ್ದರೂ 256 ಜಿಬಿ ಎಸ್‌ಎಸ್‌ಡಿಗೆ ಅದು ಇಳಿಯುವುದಿಲ್ಲ. ಎಸ್‌ಎಸ್‌ಡಿಗೆ ಹೋಗುವ ವಿಚಾರ ಇದ್ದವರು ಡಿಸ್ಕ್ ಗಟ್ಟಿ ಇರುವಾಗಲೇ ಹೋಗಿ, ಆ ಎಸ್‌ಎಸ್‌ಡಿಯ ಇಮೇಜ್ ತೆಗೆದಿಟ್ಟುಕೊಳ್ಳುವುದು ಲೇಸು.

ಈಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ಬಿಟ್‌ಲಾಕರ್ ಒಂದು ಹೊಸ ಕಾಟ. ವಿಂಡೋಸ್ 11ರ 2024ರ ಆವೃತ್ತಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಹೊಸದಾಗಿ ಹಾಕಿಕೊಂಡರೆ ಡಿಸ್ಕಿಗೆ ಬೀಗ ತಾನಾಗಿಯೇ ಬೀಳುತ್ತದೆ, ಮನೆಯವರಿಗೆ ಅದರ ಸುಳಿವೂ ಇರುವುದಿಲ್ಲ. 48 ಅಂಕಿಯ ರಿಕವರಿ ಕೀಯನ್ನು ಪ್ರಿಂಟ್ ತೆಗೆಸಿ ಮಷೀನಿನ ಬಿಲ್ಲಿಗೇ ಪಿನ್ ಮಾಡಿಸುತ್ತೇನೆ. ಬೀಗ ಬಿದ್ದ ಡಿಸ್ಕನ್ನು ಕ್ಲೋನ್‌ಜಿಲ್ಲಾದಿಂದ ತೆಗೆದರೆ ಖಾಲಿ ಜಾಗವೂ ಸೇರಿ ಇಡೀ ಡಿಸ್ಕು ನಕಲಾಗುತ್ತದೆ. ವಿಂಡೋಸ್ ಒಳಗಿನಿಂದ ತೆಗೆದರೆ ಇಮೇಜ್ ಚಿಕ್ಕದು, ಆದರೆ ಅದಕ್ಕೆ ಬೀಗ ಇರುವುದಿಲ್ಲ. ಆ ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕವರಿಗೆ ಸಾವುಕಾರರ ಇಡೀ ಖಾತೆ ಸಿಕ್ಕಂತೆ. ಹಾಗಾಗಿ ಅದು ಟೇಬಲ್ ಮೇಲೆ ಬಿದ್ದಿರಬಾರದು, ಮಷೀನಿಗೆ ಸದಾ ಚುಚ್ಚಿಕೊಂಡೂ ಇರಬಾರದು. ಫೈಲುಗಳಿಗೆ ಬೀಗ ಜಡಿದು ರೊಕ್ಕ ಕೇಳುವ ರಾನ್ಸಮ್‌ವೇರ್ ಬಂದರೆ ಚುಚ್ಚಿದ ಡಿಸ್ಕನ್ನೂ ಬಿಡುವುದಿಲ್ಲ. ವರ್ಷಾನುಗಟ್ಟಲೆ ಎತ್ತಿಡುವುದಿದ್ದರೆ ನನ್ನ ಆಯ್ಕೆ ಹಾರ್ಡ್ ಡಿಸ್ಕೇ. ಕರೆಂಟ್ ಇಲ್ಲದೆ ಬಿದ್ದಿರುವ ಎಸ್‌ಎಸ್‌ಡಿಯಲ್ಲಿನ ಚಾರ್ಜ್ ನಿಧಾನಕ್ಕೆ ಸೋರುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ. ನಮ್ಮ ಊರಿನ ಏಪ್ರಿಲ್ ಮೇ ತಿಂಗಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಗಂಜಿನವರಿಗೆ ನಾನು ದೀಪಾವಳಿಯ ಲಕ್ಷ್ಮೀಪೂಜೆಗೆ ಜೋಡಿಸಿಕೊಟ್ಟಿದ್ದೇನೆ. ಖಾತೆ ಪುಸ್ತಕದ ಜೊತೆ ಕಂಪ್ಯೂಟರಿಗೂ ಕುಂಕುಮ ಹಚ್ಚುವ ದಿನ ಹೇಗೂ ಬರುತ್ತದಲ್ಲ, ಅದರ ಹಿಂದಿನ ದಿನ ಹೊಸ ಇಮೇಜ್. ಟ್ಯಾಲಿ ಡೇಟಾ ಮಾತ್ರ ದಿನಾ ಪೆನ್ ಡ್ರೈವಿಗೆ ಹೋಗಲೇಬೇಕು. ವರ್ಷಕ್ಕೊಮ್ಮೆ ತೆಗೆದ ಇಮೇಜಿನಲ್ಲಿ ನಿನ್ನೆಯ ಹತ್ತಿ ಸೌದಾ ಇರುವುದಿಲ್ಲ.

ಈಗ ಬರುವ ಮಷೀನುಗಳಲ್ಲಿ ಹೆಚ್ಚಿನವು ವಿಂಡೋಸ್ 10 ಬಿಟ್ಟು 11ಕ್ಕೆ ಹೋಗುವಂಥವು, 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ. ಅಪ್‌ಗ್ರೇಡ್ ಮಾಡಿದ ಮೇಲೆ ಹಿಂದಕ್ಕೆ ಬರಲಿಕ್ಕೆ ವಿಂಡೋಸ್ ಕೊಡುವುದು 10 ದಿನ. ಹಳೆಯ ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಅಂತ ಗಿರಾಕಿ ಮುಂದಿನ ಲಗ್ನದ ಆರ್ಡರ್ ಬಂದಾಗ ಫೋನ್ ಮಾಡುತ್ತಾರೆ, ಅಷ್ಟರಲ್ಲಿ ಹತ್ತು ದಿನ ದಾಟಿರುತ್ತದೆ. ಹೀಗಾಗಿ 10ರ ಒಂದು ಇಮೇಜ್ ತೆಗೆದು, ಡಿಸ್ಕಿನ ಮೇಲೆ ತಾರೀಖು, ಮಷೀನಿನ ಮಾಡೆಲ್, ಬೂಟ್ ಆಗುವ ಬಗೆ ಹೊಸ ಯುಇಎಫ್‌ಐನೋ ಹಳೆಯ ಲೆಗಸಿನೋ ಅಂತ ಬರೆದು ಅಂಟಿಸಿದ ಮೇಲೆಯೇ 11ಕ್ಕೆ ಕೈ ಹಾಕುತ್ತೇನೆ.