ಮಿಲಾನಿನ ನೆಲಮಾಳಿಗೆಯಲ್ಲಿ ಒಂದು ಪತ್ರ

ತಮ್ಮ ಮಿಲಾನಿನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. "ಬಾರೇ ಅಕ್ಕಾ" ಎಂದು ಕರೆದೂ ಕರೆದೂ ಸಾಕಾಗಿ ಅವನು ಸುಮ್ಮನಾದ ಮೇಲೆ ನಾನು ಹೊರಟೆ. ಒಂಬತ್ತು ದಿನದ ತಿರುಗಾಟ. ವೆನಿಸ್ ಆಯಿತು, ಕೋಮೊ ಸರೋವರವೂ ಆಯಿತು. ಅವುಗಳ ಫೋಟೋ ನನಗಿಂತ ಚೆನ್ನಾಗಿ ತೆಗೆದವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಇನ್ನೂ ಬಿಡದೆ ಕಾಡುತ್ತಿರುವುದು ಒಂದು ಬುಧವಾರ.

ಅದು ಶುರುವಾದದ್ದೇ ಜಗಳದಿಂದ. ಡುವೊಮೊ ಕೆಥೆಡ್ರಲ್ಲಿನ ಅಡಿಯಲ್ಲಿ ನಾಲ್ಕನೇ ಶತಮಾನದ ದೀಕ್ಷಾಸ್ನಾನದ ಕೊಳವೊಂದಿದೆ. ಎಂಟು ಮೂಲೆಯದು, ಈಗ ನೀರಿಲ್ಲ. 387ರ ಈಸ್ಟರ್‌ನಲ್ಲಿ ಮಿಲಾನಿನ ಬಿಷಪ್ ಅಂಬ್ರೋಸ್, ಮುಂದೆ ದೊಡ್ಡ ಕ್ರೈಸ್ತ ಚಿಂತಕನಾದ ಆಗಸ್ಟೀನನಿಗೆ ದೀಕ್ಷೆ ಕೊಟ್ಟದ್ದು ಅಲ್ಲಿ. ಅದನ್ನು ನೋಡಲೆಂದೇ ಯಾವುದೋ ಮಧ್ಯವರ್ತಿ ಜಾಲತಾಣದಲ್ಲಿ "ಎಲ್ಲವೂ ಸೇರಿದ" ಟಿಕೆಟ್ ಕೊಂಡಿದ್ದೆ. ಬಾಗಿಲಲ್ಲಿ ನೋಡಿದರೆ ಅದು ತಾರಸಿಗೆ ಮಾತ್ರ! ಕೊನೆಗೆ ಇನ್ನೊಂದು ಟಿಕೆಟ್ ಕೊಂಡೇ ಇಳಿದೆ. ಹೋಗುವವರು ಟಿಕೆಟ್ಟಿನಲ್ಲಿ ಯಾವ ಯಾವ ಜಾಗದ ಹೆಸರಿದೆ ಎಂದು ಬೆರಳಿಟ್ಟು ಓದಿಕೊಳ್ಳಿ. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆಯೂ ಇರಲಿ. ಮೇಲಿನ ಕೆಥೆಡ್ರಲ್ ಎಲ್ಲರಿಗೂ ಇಷ್ಟ. ನನಗಂತೂ ಆ ಮೂರು ಸಾವಿರಕ್ಕೂ ಮಿಕ್ಕಿದ ಪ್ರತಿಮೆಗಳ ಗದ್ದಲದಲ್ಲಿ ಕಣ್ಣು ದಣಿಯಿತು.

ಅಲ್ಲಿಂದ ಅದೇ ಅಂಬ್ರೋಸನ ಹೆಸರಿನ ಹಳೆಯ ಚರ್ಚು, ಸಂತ ಆಂಬ್ರೋಜೋ ಬಸಿಲಿಕಕ್ಕೆ ಹೋದಾಗ ಮಧ್ಯಾಹ್ನ ಒಂದು ಗಂಟೆ. ಊಟದ ಹೊತ್ತಿಗೆ ದೇವರಿಗೂ ಬಾಗಿಲು. ಕಾದು, ಕೊನೆಗೆ ಒಳಗೆ ಹೋದೆ. ಕೆಂಪು ಇಟ್ಟಿಗೆ, ಅಗಲವಾದ ಅಂಗಳ, ತಗ್ಗಿದ ಕಮಾನುಗಳು. ಇದಪ್ಪಾ ಕಟ್ಟಡ ಅನ್ನಿಸಿತು. ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ, ಗಾಜಿನ ಹಿಂದೆ, ಮೂರು ಅಸ್ಥಿಪಂಜರಗಳು ಮಲಗಿವೆ. ಎರಡು, 386ರಲ್ಲಿ ಅಂಬ್ರೋಸನೇ ಅಗೆಸಿ ತೆಗೆದ ಹುತಾತ್ಮರದು. ನಡುವಿನದು, ಬಿಷಪ್ಪನ ಪೂರ್ತಿ ಉಡುಗೆಯಲ್ಲಿ, ಅಂಬ್ರೋಸನದು. ತೀರಿಕೊಂಡದ್ದು 397ರಲ್ಲಿ.

ಪಕ್ಕದ ಬೆಂಚಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು, ಈಗ ವಾರಕ್ಕೆರಡು ದಿನ ಇಲ್ಲಿಗೆ ಬರುವ ಮಕ್ಕಳಿಗೆ ಕಥೆ ಹೇಳುತ್ತಾರಂತೆ. ಅವರದೂ ನನ್ನದೂ ಸರಿಸುಮಾರು ಒಂದೇ ಮಟ್ಟದ ಇಂಗ್ಲಿಷ್, ಹಾಗಾಗಿ ಮಾತು ಸಲೀಸಾಯಿತು. ನಾನು ಓದಿಕೊಂಡಿದ್ದ ಕಥೆಯನ್ನೇ ಒಪ್ಪಿಸಿದೆ: 390ರಲ್ಲಿ ಥೆಸಲೋನಿಕದ ಜನ ಸೇನಾಧಿಕಾರಿಯೊಬ್ಬನನ್ನು ಕೊಂದರು, ಸೇಡಿಗೆ ರೋಮನ್ ಚಕ್ರವರ್ತಿ ಥಿಯೊಡೋಸಿಯಸನ ಸೈನಿಕರು ಊರವರನ್ನು ಕಡಿದರು, ಸತ್ತವರು 7,000 ಎಂದು ಆಮೇಲಿನ ಕಾಲದ ಚರಿತ್ರೆಕಾರ ಥಿಯೊಡೊರೆಟ್ ಬರೆದ. ಅಂಥ ಚಕ್ರವರ್ತಿಯಿಂದ ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿಸಿದ ಧೀರ ಈ ಅಂಬ್ರೋಸ್.

ಆಕೆ ತಲೆಯಾಡಿಸಿದರು. "ಅದಕ್ಕೆ ಎರಡು ವರ್ಷ ಹಿಂದಿನದು ಗೊತ್ತೇ? ಕಲ್ಲಿನಿಕಂ?"

ಗೊತ್ತಿರಲಿಲ್ಲ. ಅದು ಯೂಫ್ರೆಟಿಸ್ ದಂಡೆಯ ಊರು, ಇವತ್ತಿನ ಸಿರಿಯಾದ ರಕ್ಕಾ. 388ರಲ್ಲಿ ಅಲ್ಲಿನ ಬಿಷಪ್ಪನ ಚಿತಾವಣೆಯಿಂದ ಕ್ರೈಸ್ತರ ಗುಂಪು ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗನ್ನು ಸುಟ್ಟಿತು. ಸನ್ಯಾಸಿಗಳು ಇನ್ನೊಂದು ಪಂಥದವರ ಮಂದಿರಕ್ಕೂ ಬೆಂಕಿಯಿಟ್ಟರು. ಬಿಷಪ್ಪನೇ ತನ್ನ ಖರ್ಚಿನಲ್ಲಿ ಸಿನಗಾಗನ್ನು ಕಟ್ಟಿಕೊಡಲಿ, ಸನ್ಯಾಸಿಗಳಿಗೆ ಶಿಕ್ಷೆಯಾಗಲಿ ಎಂದು ಅದೇ ಥಿಯೊಡೋಸಿಯಸ್ ಆಜ್ಞೆ ಮಾಡಿದ. ಆಗ ಅಂಬ್ರೋಸ್ ಚಕ್ರವರ್ತಿಗೆ ಒಂದು ಪತ್ರ ಬರೆದ.

ಆ ಪತ್ರವನ್ನು ಆಕೆ ಫೋನಿನಲ್ಲಿ ತೆರೆದು, ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸುತ್ತಾ ಹೋದರು. ನಮ್ಮ ಮಾತು ಅಲ್ಲಿಗೇ ಸಿಕ್ಕಿಕೊಂಡಿತು. ಅಂಬ್ರೋಸ್ ಬಿಷಪ್ಪನಾಗುವ ಮೊದಲು ವಕೀಲ, ಆಮೇಲೆ ಪ್ರಾಂತ್ಯಾಧಿಕಾರಿ. ಪತ್ರದ ತುಂಬ ವಕೀಲನ ಕೈ ಕಾಣುತ್ತದೆ. ಆ ಬಿಷಪ್ ಆಜ್ಞೆ ಪಾಲಿಸಿದರೆ ಧರ್ಮದ್ರೋಹಿ, ಮೀರಿದರೆ ಹುತಾತ್ಮ; ಎರಡರ ಪಾಪವೂ ನಿನಗೇ, ದೊರೆಯೇ. ಕ್ರೈಸ್ತಧರ್ಮ ಬಿಟ್ಟಿದ್ದ ಹಿಂದಿನ ಚಕ್ರವರ್ತಿ ಜೂಲಿಯನ್ ಆಳುವಾಗ ದಮಾಸ್ಕಸ್, ಗಾಜಾಗಳಲ್ಲಿ ಯೆಹೂದಿಗಳು ಚರ್ಚು ಸುಟ್ಟರಲ್ಲ, ಆಗ ಯಾರು ಕಟ್ಟಿಸಿಕೊಟ್ಟರು? ನೀನು ಸಿನಗಾಗ್ ಕಟ್ಟಿಸಿದರೆ 'ಕ್ರೈಸ್ತರಿಂದ ಕೊಳ್ಳೆ ಹೊಡೆದದ್ದರಲ್ಲಿ ಕಟ್ಟಿದ ಮಂದಿರ' ಎಂದು ಅವರು ಅದರ ಮುಂಗೋಡೆಯ ಮೇಲೆ ಕೆತ್ತಿಸಿಯಾರು. ಕೊನೆಗೆ, ಬೆಂಕಿಯಿಟ್ಟವನು ನಾನೇ ಎಂದು ಬರೆದುಕೋ, ಕ್ರಿಸ್ತನನ್ನು ಅಲ್ಲಗಳೆಯುವ ಜಾಗ ಉಳಿಯಬಾರದೆಂದು ನಾನೇ ಆಜ್ಞೆ ಕೊಟ್ಟೆ ಎಂದುಕೋ.

ಪತ್ರಕ್ಕೆ ದೊರೆ ಪೂರ್ತಿ ಬಗ್ಗದಿದ್ದಾಗ ಅಂಬ್ರೋಸ್, ಚರ್ಚಿನಲ್ಲಿ ಚಕ್ರವರ್ತಿಯ ಎದುರಿಗೇ ಉಪದೇಶ ಮಾಡಿ, ತನಿಖೆಯನ್ನೇ ಕೈಬಿಡುವುದಾಗಿ ಮಾತು ಕೊಡುವವರೆಗೆ ಬಲಿಪೀಠಕ್ಕೆ ಹೋಗದೆ ನಿಂತುಬಿಟ್ಟ. ಥಿಯೊಡೋಸಿಯಸ್ ಮಣಿದ. ಈ ಸಂಗತಿ ಗೊತ್ತಾಗುವುದು ಅಂಬ್ರೋಸ್ ತನ್ನ ಅಕ್ಕ ಮಾರ್ಸೆಲಿನಾಗೆ ಬರೆದ ಕಾಗದದಿಂದ. ತಮ್ಮಂದಿರು ಅಕ್ಕಂದಿರಿಗೆ ಇಂಥದ್ದನ್ನು ಯಾವ ಧಾಟಿಯಲ್ಲಿ ಹೇಳುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ಹಾಗಾದರೆ ನೀವು ಇವನ ಕಾಲ ಬಳಿ ಬಂದು ಯಾಕೆ ಕೂರುತ್ತೀರಿ?" ಎಂದುಬಿಟ್ಟೆ. ಬಾಯಿ ಜಾರಿತ್ತು.

ಆಕೆಗೆ ಸಿಟ್ಟು ಬರಲಿಲ್ಲ. "388ರಲ್ಲಿ ದೊರೆಯನ್ನು ತಡೆದು ಅಭ್ಯಾಸವಾಗಿರದಿದ್ದರೆ 390ರಲ್ಲಿ ಇವನಿಗೆ ಬಾಯಿ ಬರುತ್ತಿತ್ತೇ? ಅದೇ ನಾಲಿಗೆ ಅಲ್ಲವೇ?" ಎಂದರು. ಸ್ವಲ್ಪ ತಡೆದು, "ಸಮರ್ಥನೆಗೆ ಹೇಳುತ್ತಿಲ್ಲ. ನನ್ನಿಂದ ಬಿಡಿಸಲಾಗದ್ದು ಇದೊಂದೇ ಗಂಟು" ಎಂದರು.

ನಾನು ಬೆಳಿಗ್ಗೆ ನೋಡಿದ ಕೊಳದ ಮಾತೆತ್ತಿದೆ. ಅಲ್ಲಿ ಮಿಂದ ಆಗಸ್ಟೀನನಾದರೂ ಮೃದು ಇದ್ದನಲ್ಲ? ಮೊದಮೊದಲು ಹೌದಂತೆ. ನಂಬಿಕೆಯನ್ನು ಬಲವಂತದಿಂದ ತುಂಬಲಾಗದು ಎನ್ನುತ್ತಿದ್ದವನು, ಆಫ್ರಿಕದ ಡೊನಾಟಿಸ್ಟ್ ಎಂಬ ಬೇರೆ ಕ್ರೈಸ್ತ ಪಂಥದವರ ಜೊತೆ ವರ್ಷಗಟ್ಟಲೆ ಗುದ್ದಾಡಿದ ಮೇಲೆ ಮಾತು ಬದಲಿಸಿದ. ಆ ಪಂಥದ ದೊಣ್ಣೆ ಹಿಡಿದ ಗುಂಪುಗಳೂ ಕಡಿಮೆಯವಲ್ಲ, ದೇವರಿಗೆ ಸ್ತೋತ್ರ ಕೂಗುತ್ತಲೇ ಬಡಿಯುತ್ತಿದ್ದವು. ಆದರೆ ಆಗಸ್ಟೀನನ ಮನಸ್ಸು ತಿರುಗಿದ್ದು, ಅವನೇ ಬರೆದಂತೆ, ಸ್ವಂತ ಊರು ತಗಾಸ್ತೆಯನ್ನು ನೋಡಿ: ಊರಿಗೆ ಊರೇ ರಾಜಾಜ್ಞೆಯ ಹೆದರಿಕೆಗೆ ಪಂಥ ಬಿಟ್ಟು ಬಂದಿತ್ತು. ಬೈಬಲ್ಲಿನ ಲೂಕನ ಸುವಾರ್ತೆಯ ಔತಣದ ಕಥೆಯಲ್ಲಿ ಯಜಮಾನ ಆಳಿಗೆ ಹೇಳುವ "ಒಳಗೆ ಬರುವಂತೆ ಒತ್ತಾಯಮಾಡು" ಎಂಬ ಮಾತು ಅವನಿಗೆ ಆಧಾರವಾಯಿತು. ಮರಣದಂಡನೆ ಮಾತ್ರ ಬೇಡವೆಂದ. ಊಟಕ್ಕೆ ಕರೆದ ಮಾತು! ಉಪಚಾರಕ್ಕೆ ಒತ್ತಾಯ ಮಾಡಿ ಬಡಿಸುವ ಮನೆಯಲ್ಲಿ ಬೆಳೆದ ನನಗೆ ಆ ಕ್ರಿಯಾಪದ ಆಮೇಲೆ ಎಷ್ಟೋ ಹೊತ್ತು ಗಂಟಲಲ್ಲಿ ಕೂತಿತ್ತು.

ಏಳುವ ಮುಂಚೆ ಆಕೆ ಪತ್ರದ ಇನ್ನೊಂದು ಸಾಲನ್ನು ಲ್ಯಾಟಿನಿನಲ್ಲೇ ಮೆಲ್ಲಗೆ ಓದಿ ಅರ್ಥ ಹೇಳಿದರು. ಆ ಮೂಲೆಯ ಕೋಟೆಯೂರಿನ ಸಿನಗಾಗಿನಲ್ಲಿ ಸುಟ್ಟುಹೋಗುವಂಥದ್ದು ಏನು ತಾನೆ ಇದ್ದೀತು ಎಂದು ಅಂಬ್ರೋಸ್ ಕೇಳುತ್ತಾನೆ. "ಮಕ್ಕಳಿಗೆ ಈ ಪತ್ರ ಒಮ್ಮೆಯೂ ಪಾಠ ಮಾಡಲಿಲ್ಲ," ಎಂದರು. "ವ್ಯಾಕರಣಕ್ಕೆ ಎಷ್ಟು ಒಳ್ಳೆಯ ಪತ್ರ ಗೊತ್ತಾ!"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಪುಟ್ಟ ಪುಟ್ಟ ಹೆಜ್ಜೆಗಳ ಸದ್ದು. ಶಾಲೆಯ ಮಕ್ಕಳು ಗಾಜಿಗೆ ಮೂಗೊತ್ತಿ ನಿಂತರು. ಆಕೆ ಫೋನನ್ನು ಚೀಲಕ್ಕೆ ಹಾಕಿ, ಲಂಗ ಸರಿಮಾಡಿಕೊಂಡು ಅವರ ನಡುವೆ ಹೋದರು. ನನಗೆ ಇಟಾಲಿಯನ್ ಬಾರದು. ಆದರೂ ಯಾವ ಕಥೆಯೆಂದು ಕೈಸನ್ನೆಯಲ್ಲೇ ತಿಳಿಯಿತು: ತೊಟ್ಟಿಲಲ್ಲಿ ಮಲಗಿದ ಕೂಸು ಅಂಬ್ರೋಸನ ಮುಖಕ್ಕೆ ಜೇನುನೊಣಗಳ ಹಿಂಡು ಮುತ್ತಿ, ಬಾಯೊಳಗೂ ಹೋಗಿ ಬಂದು, ಒಂದೂ ಕಚ್ಚದೆ ಹಾರಿಹೋಯಿತಂತೆ. ಮಕ್ಕಳು ಗುಂಯ್ ಎಂದು ಸದ್ದು ಮಾಡಿದರು.